ಕರ್ಪೂರ ಮುಟ್ಟದ ಮುನಿರಾಜಪ್ಪ

ಮುನಿರಾಜಪ್ಪನವರು ನಡೆಯುವುದಿಲ್ಲ, ಮೆರವಣಿಗೆ ಹೊರಡುತ್ತಾರೆ. ರಸೆಲ್ ಮಾರುಕಟ್ಟೆಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಲು ಹೊರಟರೂ ಎಡಗಾಲೇ ಮೊದಲು. ಎದೆ ಮುಂದಕ್ಕೆ, ಗದ್ದ ಮೇಲಕ್ಕೆ, ತೋಳುಗಳ ಬೀಸು ಒಂದೇ ಲಯದಲ್ಲಿ, ಬೆನ್ನ ಹಿಂದೆ ವಾದ್ಯವೃಂದವೊಂದು ಕಾಲು ಕೂಡಿಸಿಕೊಂಡು ಬರುತ್ತಿದೆಯೆಂಬ ಅಚಲ ವಿಶ್ವಾಸ. ಆಟೊದವರು ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿಯುವ ಆಸಾಮಿಯಲ್ಲ. ಹಾರ್ನಿನ ಶ್ರುತಿ ಕೆಟ್ಟಿದೆಯೆಂದು ಒಮ್ಮೆ ತಿರುಗಿ ಮುಖ ಸಿಂಡರಿಸುತ್ತಾರೆ, ಅಷ್ಟೆ. ಲಿಂಗರಾಜಪುರದ ಈ ಓಣಿಗೆ ನಾನು ಬಾಡಿಗೆಗೆ ಬಂದ ಮೊದಲ ಬೆಳಿಗ್ಗೆ, ಹಾಲಿನ ಪ್ಯಾಕೆಟ್ಟನ್ನು ರಾಜದಂಡದಂತೆ ಹಿಡಿದು ಸಾಗಿದ ಈ ಮನುಷ್ಯನನ್ನು ಕಿಟಕಿಯಿಂದ ಕಂಡು, ಇವರು ಒಂದೋ ಅರೆಮರುಳರು ಇಲ್ಲವೇ ಯಾವುದೋ ಪದಚ್ಯುತ ಅರಸರು ಎಂದುಕೊಂಡಿದ್ದೆ. ಬ್ಯಾಂಡ್ ಮಾಸ್ಟರ್ ಎಂದು ಆಮೇಲೆ ತಿಳಿಯಿತು. ನನ್ನ ಎರಡೂ ಊಹೆಗಳು ಅರ್ಧರ್ಧ ನಿಜವಾಗಿದ್ದವು.

ಅವರ ಕೋಟಿನ ಮಾತು ಹೇಳದೆ ಮುಂದೆ ಹೋದರೆ ಅಪಚಾರವಾದೀತು. ದಾಳಿಂಬೆ ಕೆಂಪಿನ ಬಟ್ಟೆ, ಭುಜದಿಂದ ಜೋತಾಡುವ ಜರಿಯ ಕುಚ್ಚು, ಒಂದು ಕಾಲಕ್ಕೆ ಹೊಂಬಣ್ಣವಿದ್ದು ಈಗ ಹುಣಸೆಯ ಬಣ್ಣಕ್ಕಿಳಿದ ಗುಂಡಿಗಳು. ಪುಲಿಕೇಶಿನಗರದ ದರ್ಜಿಯೊಬ್ಬ ಹೊಲಿದದ್ದಂತೆ. ಈಗ ಆ ದರ್ಜಿಯೂ ಇಲ್ಲ, ಅವನ ಅಂಗಡಿಯಿದ್ದ ಜಾಗದಲ್ಲಿ ಕಬಾಬಿನ ಹೊಗೆ ಏಳುತ್ತಿದೆ, ಕೋಟು ಮಾತ್ರ ಚಿರಂಜೀವಿ. ಏಪ್ರಿಲ್ಲಿನ ಉರಿಬಿಸಿಲಿನಲ್ಲೂ ಕತ್ತಿನವರೆಗೆ ಗುಂಡಿ ಹಾಕಿಕೊಂಡು ನಿಂತಿದ್ದವರನ್ನು, ಸೆಕೆಯಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. “ಆಗುತ್ತೆ ಸಾರ್. ಆದ್ರೆ ಬಿಚ್ಚಿದ್ರೆ ನಾನು ಯಾರು ಅಂತ ಟ್ರಂಪೆಟ್‌ಗೆ ಗೊತ್ತಾಗಲ್ಲ” ಎಂದರು, ನಗದೆ.

ಆಹಾ, ಆ ಟ್ರಂಪೆಟ್! ನಾನು ಸ್ವಭಾವತಃ ಸಾವಧಾನದ ಮನುಷ್ಯ, ಸಂಭ್ರಮಗಳನ್ನು ಕಿಟಕಿಯಿಂದಲೇ ನೋಡಿ ಬರೆಯುವ ಜಾತಿ. ಆದರೆ ಮುನಿರಾಜಪ್ಪನವರು ತುಟಿ ಒದ್ದೆ ಮಾಡಿಕೊಂಡು, ಎಡಗಣ್ಣು ಮುಚ್ಚಿ, ಆ ಹಿತ್ತಾಳೆಯೊಳಕ್ಕೆ ಮೊದಲ ಉಸಿರು ತುಂಬಿದರೆಂದರೆ ನನ್ನ ಸಾವಧಾನವೆಲ್ಲ ಮಣ್ಣುಪಾಲು. ಲೇಖನಿಯ ಮುಚ್ಚಳವನ್ನೂ ಹಾಕದೆ ಎಷ್ಟು ಸಲ ಬೀದಿಗೆ ಓಡಿ ಬಂದಿದ್ದೇನೋ! ಅಂಗಿಯ ಜೇಬಿನ ಮೇಲೆ ಆಗಿರುವ ಮಸಿಯ ಕಲೆಗಳೇ ಇದಕ್ಕೆ ಸಾಕ್ಷಿ. ಶಿವಾಜಿನಗರದ ಚರ್ಚಿನ ಮಾತೆಯ ಹಬ್ಬ, ಮಸೀದಿ ರಸ್ತೆಯ ನಿಕಾಹ್, ಹಲಸೂರಿನ ಪಲ್ಲಕ್ಕಿ, ಕೆ.ಆರ್. ಪುರದ ಗಣಪತಿ, ಯಾರದೋ ತಾತನ ಕೊನೆಯ ಪಯಣ, ಎಲ್ಲಕ್ಕೂ ‘ಮುನಿರಾಜಪ್ಪ ಅಂಡ್ ಪಾರ್ಟಿ’ಯೇ ಬೇಕು, ಎಲ್ಲೆಲ್ಲೂ ಅದೇ ತುಂಬಿದ ಎದೆ, ಒಂದಿಷ್ಟೂ ಕಡಿಮೆಯಿಲ್ಲದ ಉಸಿರು. ಯಾವ ದೇವರಿಗೂ ಅವರು ಮೋಸ ಮಾಡಿದ್ದನ್ನು ನಾನು ಕೇಳಿಲ್ಲ.

ಸೋಜಿಗವೆಂದರೆ ಅವರಿಗೆ ಇವುಗಳಲ್ಲಿ ಯಾವ ದೇವರೂ ಇಲ್ಲ. ಇದನ್ನವರು ಎದೆ ತಟ್ಟಿ ಹೇಳುವುದಿಲ್ಲ, ನಂಬಿದವರನ್ನು ಹಂಗಿಸುವುದಿಲ್ಲ. ಕೇಳಿದರೆ ಮಾತ್ರ, ತಮಗೆ ಸಿಹಿ ಇಷ್ಟವಿಲ್ಲ ಎಂಬಷ್ಟೇ ಸಲೀಸಾಗಿ, ನಂಬಿಕೆ ಇಲ್ಲ ಎನ್ನುತ್ತಾರೆ. ಮಂಗಳಾರತಿಯ ಹೊತ್ತಿನಲ್ಲಿ ಎಲ್ಲರ ಕೈಗಳೂ ಜೋಡಿದರೆ ಇವರ ಕೈಯಲ್ಲಿ ಟ್ರಂಪೆಟ್ ಇರುತ್ತದೆ. ಪ್ರಸಾದದ ಸಾಲಿನಲ್ಲಿ ಮಾತ್ರ ಎರಡೂ ಕೈ ಖಾಲಿ, ಪುಳಿಯೋಗರೆ ಇದ್ದರೆ ಎರಡನೆಯ ಸುತ್ತಿಗೂ ಹಾಜರು. ನಂಬಿಕೆಯಿಲ್ಲದೆ ದೇವರ ಮುಂದೆ ಹೀಗೆ ಜೀವ ಬಿಟ್ಟು ಊದುವುದು ಹೇಗೆಂದು ನಾನು ಕೆದಕಿದ್ದುಂಟು. “ಜನದ ಖುಷಿ ನಂಗೆ ಕೇಳಿಸುತ್ತಲ್ಲ ಸಾರ್, ಸಾಕಲ್ವಾ?” ಎಂದವರು ಕೊಳವೆಯಲ್ಲಿ ಕೂತಿದ್ದ ಎಂಜಲನ್ನು ಚರಂಡಿಗೆ ಕೊಡವಿದರು.

ಇಷ್ಟೇ ಆಗಿದ್ದರೆ ನಗರದಲ್ಲಿ ಇಂಥವರು ಸಾವಿರ ಸಿಕ್ಕಾರು. ಮುನಿರಾಜಪ್ಪ ಹುಟ್ಟಿದ್ದು ಪೂಜಾರಿಯ ಮನೆಯಲ್ಲಿ. ಓಣಿಯ ತಲೆಯಲ್ಲಿರುವ ಸಪ್ಪಲಮ್ಮನ ಗುಡಿಗೆ ಅವರ ತಂದೆ ಮುನಿಶಾಮಿ ಪೂಜಾರಿ, ಅದಕ್ಕೆ ಮೊದಲು ತಾತ. ಇಲ್ಲಿ ಇನ್ನೂ ರಾಗಿ ಹೊಲಗಳಿದ್ದಾಗ ಆ ತಾತನ ತಾತ. ಆ ವಂಶದಲ್ಲಿ ಒಂದು ಪದ್ಧತಿಯಿದೆ. ಪೂಜೆಯ ಗಂಟೆ ಕೈ ಬದಲಾಗುವ ಕಾಲ ಬಂದಾಗ, ಮುಂದಿನವನನ್ನು ಮಂಗಳವಾರದ ಮಧ್ಯಾಹ್ನ ಉಪವಾಸವಿರಿಸಿ, ಗುಡಿಯೊಳಗೆ ಒಬ್ಬನೇ ಕೂರಿಸಿ ಬಾಗಿಲು ಹಾಕುತ್ತಾರೆ. ಬಾಗಿಲು ತೆರೆದಾಗ ಅಮ್ಮ ತನಗೆ ಏನು ಹೇಳಿದಳೆಂದು ಅವನು ಊರಿಗೆ ಹೇಳಬೇಕು. ದೊಡ್ಡ ಮಾತೇನೂ ಬೇಡ. ಮಳೆ ಬರುತ್ತೆ ಅಂದಳು, ಹುಷಾರಾಗಿರಿ ಅಂದಳು, ಇಷ್ಟು ಸಾಕು. ಕೂಡಲೇ ಗಂಟೆ ಕೈಗೆ ಬರುತ್ತದೆ, ಜನ ಕಾಲಿಗೆ ಬೀಳುತ್ತಾರೆ.

ಮೀಸೆ ಚಿಗುರುತ್ತಿದ್ದ ಮುನಿರಾಜು ಶ್ರದ್ಧೆಯಿಂದಲೇ ಒಳಗೆ ಕೂತ. ಈ ಮಾತನ್ನು ಅವರು ನನಗೆ ಮತ್ತೆ ಮತ್ತೆ ಒತ್ತಿ ಹೇಳಿದ್ದಾರೆ. ಅಂದು ಆ ಹುಡುಗನಷ್ಟು ನಂಬಿದವರು ಆ ಗುಡಿಯ ಹೊರಗೂ ಇರಲಿಲ್ಲವಂತೆ. ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕಾದ. ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು. ಈಸ್ಟ್ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಕಬ್ಬಿಣ ಕಬ್ಬಿಣ ತಿಕ್ಕುತ್ತ ನಿಂತದ್ದು, ಪುಲಿಕೇಶಿನಗರದ ಕಡೆಯಿಂದ ಮಧ್ಯಾಹ್ನದ ಬಾಂಗು, ದೇವಿಯ ಪಾದದ ಬಳಿ ಇಲಿಯೊಂದು ಕೊಬ್ಬರಿ ಕೆರೆದದ್ದು, ಎಲ್ಲವೂ ಕೇಳಿಸಿತು. ಅಮ್ಮ ಮಾತ್ರ ತುಟಿ ಬಿಚ್ಚಲಿಲ್ಲ. ಆಮೇಲೆ ಎಲ್ಲಿಂದಲೋ, ಯಾರದೋ ಶವಯಾತ್ರೆಯ ಮುಂದೆ, ಒಂದು ಟ್ರಂಪೆಟ್ ಏರುತ್ತ ಏರುತ್ತ ಬಂದು ಆ ಮುಚ್ಚಿದ ಬಾಗಿಲನ್ನು ಹಾದು ಒಳಬಂತು; ಹುಡುಗನ ಮೈಯೆಲ್ಲ ಝುಮ್ಮೆಂದು ನವಿರೆದ್ದಿತು. ಬಾಗಿಲು ತೆಗೆದು ಜನ ಕೇಳಿದರು. ಅಮ್ಮ ಏನೂ ಹೇಳಲಿಲ್ಲ ಎಂದ. ತಂದೆ ಕಿವಿಯ ಹತ್ತಿರ ಬಗ್ಗಿ, ಏನಾದರೂ ಹೇಳು ಮಗನೇ, ಜನ ಕಾಯ್ತಾ ಇದ್ದಾರೆ ಎಂದು ಬೇಡಿಕೊಂಡರು. ಹುಡುಗ ಅಳುತ್ತಲೇ ತಲೆಯಾಡಿಸಿದ. “ಕೇಳಿಸ್ಲಿಲ್ಲ ಅಪ್ಪ. ಕೇಳಿಸಿದ್ರೆ ಹೇಳ್ತಿದ್ದೆ.” ವಾರ ಕಳೆಯುವುದರೊಳಗೆ ಬ್ಯಾಂಡ್ ಸೆಟ್ಟಿನವರ ತಾಳ ಹೊರುವ ಕೆಲಸಕ್ಕೆ ಸೇರಿದ. ಮನೆಯ ಸಪ್ಪಲಮ್ಮನನ್ನು ಅವನು ಬಿಟ್ಟದ್ದು ಹೀಗೆ, ಯಾವ ಪುಸ್ತಕವನ್ನೂ ಓದಿ ಅಲ್ಲ, ಯಾರೊಡನೆಯೂ ಜಗಳವಾಡಿ ಅಲ್ಲ.

ಗಂಟೆ ಅಕ್ಕನ ಕೈಗೆ ಬಂತು. ಆ ಅಕ್ಕನೇ ಚಿಕ್ಕಮುನಿಯಮ್ಮ, ಹಣೆ ತುಂಬ ಅರಿಶಿನ, ಬಾಯಿ ತುಂಬ ಎಲೆಯಡಿಕೆ, ಕಂಚಿನ ಕಂಠ. ಗುಡಿಗೆ ಅಂಟಿಕೊಂಡ ಮನೆ ಅವರದು, ಅದಕ್ಕೆ ಅಂಟಿಕೊಂಡದ್ದು ತಮ್ಮನದು. ನಡುವೆ ಒಂದೇ ಗೋಡೆ. ಓಣಿಯಲ್ಲಿ ನಲ್ಲಿ ನೀರು ನಿಂತರೂ, ಗುಡಿಯ ಮಾಳಿಗೆ ಸೋರಿದರೂ, ಕಟ್ಟಿಕೊಂಡ ಗಂಡ ಅಕಾಲದಲ್ಲಿ ತೀರಿಕೊಂಡಾಗಲೂ, ಆಕೆ ಗೋಡೆಯತ್ತ ತಿರುಗಿ ನಿನ್ನಿಂದಲೇ ಎಂದು ಬೈದವರೇ. ಹಬ್ಬದ ದಿನ ಮಾತ್ರ ಒಬ್ಬಟ್ಟಿನ ತಟ್ಟೆಯನ್ನು ತಮ್ಮನ ಹೊಸ್ತಿಲಿಗೆ ಕುಕ್ಕಿ, ದೇವರಿಲ್ಲದವನಿಗೂ ಹೊಟ್ಟೆ ಇರುತ್ತಲ್ಲ ಎಂದು ಇಡೀ ಓಣಿಗೆ ಕೇಳುವಂತೆ ಹೇಳಿ ಹೋಗುತ್ತಿದ್ದರು. ತಮ್ಮ ಒಂದೇ ಒಂದು ಸಲವೂ ಎದುರಾಡಿದ್ದಿಲ್ಲ, ಒಬ್ಬಟ್ಟು ಉಳಿಸಿದ್ದೂ ಇಲ್ಲ.

ಕಳೆದ ವರ್ಷದ ಬೇಸಿಗೆಯಲ್ಲಿ ಈ ಸಮಾಧಾನದ ಮನುಷ್ಯನ ಕಿವಿಗೆ ಒಂದು ಹೊಸ ಶಬ್ದ ಬಿತ್ತು. ಗುಡಿಯ ಸಮಿತಿಗೆ ಹೊಸ ಕಾರ್ಯದರ್ಶಿ ಬಂದಿದ್ದರು, ಸೈಟು ವ್ಯಾಪಾರದ ಲಕ್ಷ್ಮಿಕಾಂತ ಎಂಬವರು. ಬೆಳಗಾದರೆ ಮೊಬೈಲಿನಲ್ಲಿ ಓಣಿಗೆಲ್ಲ ಸುಪ್ರಭಾತದ ಜೊತೆಗೆ ಧರ್ಮರಕ್ಷಣೆಯ ಎಚ್ಚರಿಕೆಗಳನ್ನೂ ರವಾನಿಸುವ ಉತ್ಸಾಹಿ. ಅವರೊಮ್ಮೆ ಮುನಿರಾಜಪ್ಪನವರನ್ನು ತೋರಿಸಿ, ಹೊರಗಿನವರಿಗಿಂತ ಇಂಥ ಸೆಕ್ಯುಲರ್‌ಗಳೇ ಅಪಾಯ ಎಂದರಂತೆ. ಅದೇ ಸಂಜೆ ಮುನಿರಾಜಪ್ಪ ನನ್ನ ಬಾಗಿಲಲ್ಲಿ ನಿಂತಿದ್ದರು, ಹಾಗೆಂದರೆ ಕೆಟ್ಟ ಮಾತೇ ಎಂದು ಕೇಳುತ್ತ. ನಾನು ಸಂವಿಧಾನದಿಂದ ಹಿಡಿದು ಸಮಾಜದವರೆಗೆ ಉದ್ದಕ್ಕೆ ವಿವರಿಸಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡು, ಕೊನೆಗೆ ಎಷ್ಟೋ ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಹೊರಹಾಕಿದರು: “ಭಯ ಇದ್ರೆ ತಾನೇ ಮನುಷ್ಯ ನೆಟ್ಟಗಿರೋದು ಅಂತಾರೆ. ನಂಗೆ ಆ ಭಯಾನೇ ಇಲ್ಲ. ಹಂಗಾದ್ರೆ ನಾನು ಒಳಗಡೆ ಕೆಟ್ಟೋನಾ ಸಾರ್?” ನಾನು ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟೆ.

ಅದಾದ ಕೆಲವೇ ದಿನಕ್ಕೆ ಸಪ್ಪಲಮ್ಮನ ಹೂವಿನ ಪಲ್ಲಕ್ಕಿ ಹೊರಟಿತು. ಈಗಿನ ಪಲ್ಲಕ್ಕಿಗೆ ಹೆಗಲು ಕೊಡುವವರಾರು? ಟ್ರ್ಯಾಕ್ಟರಿನ ಮೇಲೇ ದೇವಿಯ ಸವಾರಿ. ಎಂಥ ಸಂಜೆ ಅದು! ಮಲ್ಲಿಗೆ, ಕನಕಾಂಬರ, ಸೇವಂತಿಗೆಯ ಗೋಪುರದೊಳಗಿಂದ ಆ ಪುಟ್ಟ ತಾಯಿ ಮೂಗುಬೊಟ್ಟು ಮಿನುಗಿಸುತ್ತ ಬರುತ್ತಿದ್ದರೆ, ಮುಂದೆ ಕೆಂಪು ಕೋಟಿನ ಮುನಿರಾಜಪ್ಪ ಆಕಾಶವನ್ನೇ ಸೀಳುವ ಹಾಗೆ ಊದುತ್ತಿದ್ದರು. ಪಕ್ಕದಲ್ಲಿ ದೊಡ್ಡ ಡ್ರಮ್ಮಿನ ದುರ್ಗೇಶ. ಯಾದಗಿರಿಯ ಕಡೆಯವನು, ಹಗಲು ಗಾರೆ ಕೆಲಸ, ಸಂಜೆ ಬ್ಯಾಂಡು, ನಮ್ಮ ಓಣಿಯ ಹಿಂದೆಯೇ ಒಂದು ಬಾಡಿಗೆ ಕೋಣೆಯಲ್ಲಿ ಹೆಂಡತಿ ಉಮಾಶ್ರೀ ಮತ್ತು ಮಕ್ಕಳೊಡನೆ ಸಂಸಾರ. ದಾರಿಯಲ್ಲಿ ಅವನ ಡ್ರಮ್ಮಿನ ಪಟ್ಟಿ ಕಿತ್ತುಹೋಯಿತು. ಪಲ್ಲಕ್ಕಿ ವಿಶ್ರಾಂತಿಗೆ ನಿಂತಾಗ ಅವನು ಟ್ರ್ಯಾಕ್ಟರಿಗೆ ಒರಗಿ ಕೂತ, ಮುನಿರಾಜಪ್ಪ ಪಕ್ಕದಲ್ಲಿ ಕೂತು ದಬ್ಬಳದಿಂದ ಪಟ್ಟಿ ಹೊಲಿದುಕೊಟ್ಟರು. ಮತ್ತೆ ವಾದ್ಯ ಎದ್ದಿತು, ಓಣಿಯೆಲ್ಲ ಕುಣಿಯಿತು, ನಾನೂ ಕುಣಿದೆನೆಂದು ಹೇಳುವವರಿದ್ದಾರೆ.

ಮರುದಿನ ಬೆಳಿಗ್ಗೆ ಅಲಂಕಾರ ಬಿಚ್ಚಿದಾಗ ಅಮ್ಮನ ಮೂಗುಬೊಟ್ಟು ಇರಲಿಲ್ಲ. ಗುಡಿಯ ಮುಂದೆ ಜನ ಸೇರಿದರು. ಯಾರು ಹತ್ತಿರವಿದ್ದರು ಎಂಬ ಮಾತು ಎದ್ದು, ಸುತ್ತಿ ಬಳಸಿ, ಊರಿನವನಲ್ಲದ ದುರ್ಗೇಶನ ತಲೆಯ ಮೇಲೆ ಬಂದು ಕೂತಿತು. ಬಡವನ ಕೋಪ ದವಡೆಗೆ ಮೂಲ ಎಂಬುದನ್ನು ಅವನು ಎಳೆಯ ವಯಸ್ಸಿನಲ್ಲೇ ಕಲಿತಿದ್ದ. ತಲೆ ತಗ್ಗಿಸಿ, “ನಾ ಮುಟ್ಟಿಲ್ರಿ ಯಪ್ಪಾ, ನಮ್ಮವ್ವನ ಆಣೆ” ಎಂದಷ್ಟೇ ಹೇಳುತ್ತಿದ್ದ. ಲಕ್ಷ್ಮಿಕಾಂತ ಪೊಲೀಸರ ಮಾತೆತ್ತಿದರು, ಅವನ ಕೋಣೆಯ ಮಾಲೀಕ ಅಲ್ಲೇ ನಿಂತು ಇವತ್ತೇ ಖಾಲಿ ಮಾಡಿಸುತ್ತೇನೆಂದ. ಹಿರಿಯರು ಹಳೆಯ ದಾರಿ ಹಿಡಿದರು: ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಅಂಗೈಯಲ್ಲಿ ಉರಿ ಆರಿಸಿ, ಅಮ್ಮನ ಮುಂದೆ ಆಣೆಯಿಡುವುದು. ಇಲ್ಲಿ ಸುಳ್ಳು ಕರ್ಪೂರ ಆರಿಸಿದವನ ವಂಶ ಉಳಿಯದೆಂದು ಪ್ರತೀತಿ. ದುರ್ಗೇಶ ಒಡನೆ ಆರಿಸಿದ. ಆರೋಪ ಹೊತ್ತವನ ಆಣೆಯೊಂದೇ ಸಾಲದು, ಜೊತೆಗಿದ್ದವನೂ ಆರಿಸಲಿ ಎಂದರು ಲಕ್ಷ್ಮಿಕಾಂತ. ಜೊತೆಗಿದ್ದವರು ಒಬ್ಬರೇ. ಎಲ್ಲರ ಕಣ್ಣೂ ಕೆಂಪು ಕೋಟಿನ ಮೇಲೆ ಬಿತ್ತು.

ಮುನಿರಾಜಪ್ಪ ಮುಂದೆ ಬಂದು, ತಾವು ಪೂರ್ತಿ ಹೊತ್ತು ಅವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಾಗಿಯೂ, ಅವನ ಎರಡೂ ಕೈ ಡ್ರಮ್ಮಿನ ಪಟ್ಟಿಯ ಮೇಲೇ ಇದ್ದುದಾಗಿಯೂ ಹೇಳಿದರು. ಕರ್ಪೂರದ ತಟ್ಟೆ ಹತ್ತಿರ ಬಂದಾಗ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡರು. “ನಾನು ಹೇಳಿದ್ದು ನಿಜ. ಆದ್ರೆ ನಾನು ನಂಬದೇ ಇರೋದನ್ನ ಮುಟ್ಟಿ ಆಣೆ ಮಾಡಿದ್ರೆ, ಅದು ಸುಳ್ಳಾಗುತ್ತೆ.” ಗುಸುಗುಸು ಎದ್ದಿತು. ಲಕ್ಷ್ಮಿಕಾಂತರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ನೋಡಿ, ದೇವರಿಗೇ ಹೆದರದವನು ನಮಗೆ ಹೆದರುತ್ತಾನೆಯೇ, ಇವನ ಮಾತಿಗೆ ಜಾಮೀನು ಯಾರು ಎಂದು ಜನರತ್ತ ತಿರುಗಿದರು. ಜನ ತಲೆದೂಗಿದರು. ಅವರಲ್ಲಿ ಹಲವರ ಮದುವೆಗೆ ಊದಿದ್ದು ಇದೇ ಮುನಿರಾಜಪ್ಪನವರು, ಆದರೂ ತಲೆದೂಗಿದರು.

ಆಗ ಗುಂಪಿನ ಅಂಚಿನಲ್ಲಿ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದ ಉಮಾಶ್ರೀ ಮುನಿರಾಜಪ್ಪನವರನ್ನು ನೋಡಿದಳು. ಬೇಡಲಿಲ್ಲ, ಅಳಲಿಲ್ಲ, ನೋಡಿದಳು ಅಷ್ಟೆ. ಆ ಒಂದು ನೋಟಕ್ಕೆ ತಮ್ಮ ಇಡೀ ಬದುಕಿನ ಹಟ ಎಷ್ಟು ಸಣ್ಣದಾಗಿ ಕಂಡಿತೆಂದು ಮುನಿರಾಜಪ್ಪ ನನಗೆ ಆಮೇಲೆ ಹೇಳಿದರು. ತನ್ನ ನಿಜವನ್ನು ಕಾಪಾಡಿಕೊಳ್ಳಲು ಇನ್ನೊಬ್ಬನ ಸಂಸಾರವನ್ನು ಬೀದಿಗೆ ನೂಕುವುದಾದರೆ ಆ ನಿಜ ಯಾರಿಗೆ ಬೇಕು? ತಂದೆ ಬೇಡಿಕೊಂಡಾಗಲೂ ಬಗ್ಗದ ಮನುಷ್ಯ ಹಿಂದಕ್ಕೆ ಕಟ್ಟಿದ್ದ ಕೈ ಬಿಚ್ಚಿದರು. ತಟ್ಟೆಯ ಕಡೆಗೆ ಹೆಜ್ಜೆಯಿಟ್ಟರು. ಜೀವನದಲ್ಲಿ ಮೊದಲ ಸಲ ಅವರ ನಡಿಗೆಯಲ್ಲಿ ಲಯ ತಪ್ಪಿದ್ದನ್ನು ನಾನು ಕಂಡೆ. ಅಂಗೈ ಎತ್ತಿದರು.

ಆ ಮಣಿಕಟ್ಟನ್ನು ಚಿಕ್ಕಮುನಿಯಮ್ಮ ಹಿಡಿದರು. ಅದುವರೆಗೆ ಗುಡಿಯ ಹೊಸ್ತಿಲ ಮೇಲೆ ಕೂತಿದ್ದ ಹೆಂಗಸು ಯಾವಾಗ ಎದ್ದರೋ, ಹೇಗೆ ಬಂದರೋ. “ಬ್ಯಾಡ ಕಣೋ” ಎಂದರು, ಓಣಿಗೆಲ್ಲ ಕೇಳುವ ಆ ಕಂಠದಲ್ಲಲ್ಲ, ತಮ್ಮನಿಗಷ್ಟೇ ಹೇಳುವವರ ಹಾಗೆ. “ಅವತ್ತು ಒಳಗ್ ಕೂತು, ಅಮ್ಮ ಮಾತಾಡಿದ್ಲು ಅಂತ ಒಂದು ಸುಳ್ಳು ಹೇಳಿದ್ರೆ ಈ ಗಂಟೆ ನಿಂದಾಗ್ತಿತ್ತು. ಅಪ್ಪ ಕಾಲಿಗ್ ಬೀಳೋದೊಂದು ಬಾಕಿ. ಹೇಳ್ಲಿಲ್ಲ ನೀನು. ಇವತ್ತು ನಮ್ಮಮ್ಮನ ಮುಂದೆ ಸುಳ್ಳು ಮಾಡ್ಬೇಡ.” ತಮ್ಮನ ಕೈಯನ್ನು ಪಕ್ಕಕ್ಕೆ ಸರಿಸಿ, ಅರಿಶಿನ ಮೆತ್ತಿದ ತಮ್ಮದೇ ಅಂಗೈಯನ್ನು ಉರಿಯ ಮೇಲೆ ಒತ್ತಿದರು. “ನನ್ ತಮ್ಮ ಸುಳ್ಳು ಹೇಳಲ್ಲ. ಇದು ಅಮ್ಮನ ಆಣೆ. ಹೆಚ್ಚುಕಮ್ಮಿ ಆದ್ರೆ ನನ್ ವಂಶಕ್ಕೆ ಆಗ್ಲಿ.”

ಕರ್ಪೂರದ ಹೊಗೆ ಎದ್ದು ಚದುರಿತು. ಪೂಜಾರಿಯೇ ಆಣೆಯಿಟ್ಟ ಮೇಲೆ ಅದರ ಮೇಲೆ ಮಾತಿಲ್ಲ. ಲಕ್ಷ್ಮಿಕಾಂತ ಕೂಡ ಬಾಯಿ ಮುಚ್ಚಿದರು, ಮಾಲೀಕ ಮೊಬೈಲ್ ನೋಡುತ್ತ ಜಾಗ ಖಾಲಿ ಮಾಡಿದ. ನನಗಂತೂ ಕುಣಿದಾಡಿಬಿಡಬೇಕೆನ್ನಿಸಿತು! ನಂಬದವನ ಮಾತಿಗೆ ನಂಬಿದವಳು ತನ್ನ ದೇವರನ್ನೇ ಜಾಮೀನು ನಿಲ್ಲಿಸಿದ್ದಳು. ಇಂಥದ್ದನ್ನು ಕಣ್ಣಾರೆ ಕಾಣುವ ಯೋಗ ಬರೆಯುವವರಿಗೆ ಪದೇ ಪದೇ ಬರುವುದಿಲ್ಲ.

ಮೂಗುಬೊಟ್ಟು ಆ ವಾರವೇ ಸಿಕ್ಕಿತು. ಉತ್ಸವ ಮುಗಿದಾಗ ಅಮ್ಮನ ಕೊರಳ ಹಾರವನ್ನು ಮುಖ್ಯರಿಗೆ ಮರ್ಯಾದೆಯಾಗಿ ಕೊಡುವುದು ರೂಢಿ. ಅದನ್ನು ಪಡೆದವರು ಲಕ್ಷ್ಮಿಕಾಂತರು, ಭಕ್ತಿಯಿಂದ ಕಾರಿನ ಮೂತಿಗೆ ಕಟ್ಟಿಕೊಂಡು ಊರೆಲ್ಲ ಸುತ್ತಿದವರೂ ಅವರೇ. ಕಾರು ತೊಳೆಯುವಾಗ ಬಾಡಿದ ಸೇವಂತಿಗೆಯೊಳಗೆ ತಿರುಪು ಸಡಿಲವಾಗಿ ಬಿದ್ದಿದ್ದ ಬೊಟ್ಟು ಹೊಳೆಯಿತಂತೆ. ತಂದುಕೊಟ್ಟರು, ಅಷ್ಟು ಪ್ರಾಮಾಣಿಕತೆ ಆ ಮನುಷ್ಯನಲ್ಲಿತ್ತು. ದುರ್ಗೇಶನ ಮುಂದೆ ಕ್ಷಮೆ ಎಂಬ ಶಬ್ದ ಮಾತ್ರ ಗಂಟಲಲ್ಲೇ ಉಳಿದು, ಬದಲಿಗೆ ಒಂದು ತೆಂಗಿನಕಾಯಿ ಹೊರಬಂತು. ದುರ್ಗೇಶನ ಮನೆಯಲ್ಲಿ ಅಂದು ಚಟ್ನಿ.

ಇನ್ನು ಅಕ್ಕ ತಮ್ಮಂದಿರು ಬದಲಾದರೆಂದು ಯಾರೂ ತಿಳಿಯಬಾರದು. ಆಕೆ ನಿಂತ ನಲ್ಲಿಗೆ ಈಗಲೂ ಗೋಡೆಯತ್ತ ತಿರುಗಿ ಬೈಯುತ್ತಾರೆ. ಈತ ಈಗಲೂ ಕೈ ಮುಗಿಯುವುದಿಲ್ಲ. ಆದರೆ ಉಗಾದಿಯ ದಿನ ತಟ್ಟೆ ಕುಕ್ಕಲು ಬಂದ ಅಕ್ಕನನ್ನು ತಡೆದು, ನನ್ನಲ್ಲಿ ಕೇಳಿದ್ದ ಆ ಹಳೆಯ ಪ್ರಶ್ನೆಯನ್ನು ಮುನಿರಾಜಪ್ಪ ಕೊನೆಗೂ ಕೇಳಬೇಕಾದವರಲ್ಲೇ ಕೇಳಿದರಂತೆ: ದೇವರಿಲ್ಲದ ನಾನು ಕೆಟ್ಟವನಾ ಅಕ್ಕ? ಚಿಕ್ಕಮುನಿಯಮ್ಮ ಎಲೆಯಡಿಕೆ ಉಗುಳಿ ಬಂದು ಹೇಳಿದರಂತೆ: “ನೀನು ಕೆಟ್ಟೋನಾಗಿದ್ರೆ ಅಮ್ಮ ನಿನ್ನ ನನ್ ಗೋಡೆ ಪಕ್ಕದಲ್ಲಿ ಇಷ್ಟು ವರ್ಷ ಯಾಕೋ ಇಟ್ಕೊತಿದ್ಲು? ತಿನ್ನು, ಆರೋಗುತ್ತೆ.” ಇದನ್ನು ನನಗೆ ಹೇಳುವಾಗ ಆ ಪದಚ್ಯುತ ಅರಸರ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ಮಾತ್ರ ಪಟ್ಟಾಭಿಷೇಕದ ಕಳೆ.

ಹುಟ್ಟಿದ ಮನೆಯ ದೇವರನ್ನು ಬಿಟ್ಟು ಹೊರಬಂದ ಜನ ಎಲ್ಲ ಓಣಿಗಳಲ್ಲೂ ಇದ್ದಾರೆ. ಕೆಲವರು ಆ ಖಾಲಿ ಜಾಗದಲ್ಲಿ ಕಹಿ ತುಂಬಿಕೊಳ್ಳುತ್ತಾರೆ, ಕೆಲವರು ಪಾಂಡಿತ್ಯ. ಮುನಿರಾಜಪ್ಪನವರಂಥವರು ಅಲ್ಲಿ ಸುಮ್ಮನೆ ಗಾಳಿ ಆಡಲು ಬಿಡುತ್ತಾರೆ. ಅವರ ಹಾಡಿಗೆ ಉಸಿರು ಬರುವುದು ಅಲ್ಲಿಂದಲೇ ಇರಬೇಕು. ಸಭೆಗಳಲ್ಲಿ ನಾವು ಇಂಥವರ ಗುಣಾವಗುಣ ವಿಚಾರಿಸುತ್ತೇವೆ. ಊರಿಗೆ ಹೋಗುವಾಗ ಮನೆಯ ಬೀಗದ ಕೈ ಕೊಡಲು, ಜ್ವರದ ಮಗುವನ್ನು ಆಸ್ಪತ್ರೆಗೆ ಹೊರಲು, ಯಾರಿಲ್ಲದವರ ಶವದ ಮುಂದೆ ನಡೆಯಲು, ಏನನ್ನೂ ವಿಚಾರಿಸದೆ ಇವರ ಬಾಗಿಲನ್ನೇ ತಟ್ಟುತ್ತೇವೆ. ಅವರು ಬರುತ್ತಾರೆ. ಹೀಗೆ ಬರಲು ಅವರಿಗೆ ದೇವರು ಬೇಕಾಗಲಿಲ್ಲ ಎಂಬುದನ್ನು ನಾನು ಸಂತೋಷದಿಂದಲೇ ಒಪ್ಪುತ್ತೇನೆ. ಯಾವ ದೇವರನ್ನೂ ನಂಬದೆ ಚೆನ್ನಾಗಿ ಬಾಳಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಮ್ಮನ್ನು ನಂಬುವ ಒಬ್ಬರೂ ಇಲ್ಲದೆ ಬಾಳಿದವರನ್ನು ಮಾತ್ರ ಕಂಡಿಲ್ಲ.